ತಾಮ್ರದ ಕಿಲುಬು: ಸಣ್ಣ ದೋಣಿಗಳ ಮೀನುಶೋಧಕದ ತಂತಿಸಂದುಗಳು ಕೆಡುವ ಬಗೆಯೂ ಅವುಗಳ ದುರಸ್ತಿಯೂ

ಇತಿಹಾಸದ ಅಧ್ಯಾಪಕನೊಬ್ಬನು ಮೀನುಗಾರರ ದೋಣಿಯ ವಿದ್ಯುತ್ ತಂತಿಗಳನ್ನು ಕುರಿತು ಬರೆಯಹೊರಟರೆ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವೂ ಕೆಲವರಿಗೆ ಅಸಮಾಧಾನವೂ ಆಗುವುದು ಸಹಜ. ಅದರಲ್ಲಿಯೂ ಈ ಲೇಖಕನು ಶಿರಾ ತಾಲ್ಲೂಕಿನ ಮದಲೂರಿನ ಕಡೆಯವನು. ಕಡಲು ಅಲ್ಲಿಂದ ಬಹು ದೂರ. ಊರಿನ ಹಿರಿಯ ಕೆರೆಯೇ ಬಹುಕಾಲ ಬರಿದಾಗಿದ್ದು, ಹೇಮಾವತಿಯ ನೀರಿಗಾಗಿ ಅಲ್ಲಿಯ ಜನ ವರ್ಷಗಟ್ಟಲೆ ಕಾದದ್ದು ಎಲ್ಲರೂ ಬಲ್ಲ ಸಂಗತಿ. ಇಂಥ ಊರಿನವನಿಗೆ ದೋಣಿಯ ಮಾತೇಕೆ ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಿ ಮುಂದೆ ಹೋಗುವುದು ನ್ಯಾಯ.

ನೀರಿನೊಳಗಿನ ತಾಮ್ರದ ತಂತಿಯ ಪರಿಚಯ ನಮ್ಮ ಕಡೆಯ ರೈತರಿಗೆ ಇಲ್ಲದೆ ಇಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ತೋಟಗಾರಿಕೆ ಇಂದು ಬಹುಮಟ್ಟಿಗೆ ಕೊಳವೆಬಾವಿಗಳನ್ನೇ ನೆಚ್ಚಿಕೊಂಡಿದೆ. ನೂರಾರು ಅಡಿಗಳ ಆಳದಲ್ಲಿ ಮುಳುಗಿರುವ ಮೋಟಾರಿನ ಚಿಕ್ಕ ಕೇಬಲ್ಲು, ಮೇಲಿನಿಂದ ಇಳಿಬಿಟ್ಟ ಉದ್ದನೆಯ ಕೇಬಲ್ಲನ್ನು ಕೂಡುವ ಎಡೆಯಲ್ಲಿ ಒಂದು ಸಂದು ಇರುತ್ತದೆ. ಆ ಸಂದಿನೊಳಕ್ಕೆ ನೀರು ಇಳಿಯಿತೆಂದರೆ ಮೋಟಾರು ನಿಂತಿತು. ಆಗ ಪೈಪುಗಳನ್ನು ಒಂದೊಂದಾಗಿ ಕಳಚಿ ಎಲ್ಲವನ್ನೂ ಮೇಲೆತ್ತಬೇಕು. ಅಷ್ಟು ದಿನ ಅಡಕೆಗಿಡಗಳಿಗೆ ನೀರಿಲ್ಲ. ಮೇಲೆತ್ತಿ ನೋಡಿದರೆ ಎಷ್ಟೋ ಸಲ ಮೋಟಾರಿಗೆ ಏನೂ ಆಗಿರುವುದಿಲ್ಲ. ಟೇಪಿನ ಸುತ್ತುಗಳನ್ನು ಬಿಚ್ಚಿದಾಗ ಒಳಗಿನ ತಾಮ್ರ ಹಸಿರು ಪುಡಿಯಾಗಿರುತ್ತದೆ. ನಮ್ಮ ಮನೆಯ ಬಾವಿಯಲ್ಲಿ ಒಮ್ಮೆ ಹೀಗಾದಾಗ ನಮ್ಮ ತಂದೆಯವರು ಆ ಪುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿ, “ಕಿಲುಬು ಹಿಡಿದಿದೆ” ಎಂದಷ್ಟೇ ಹೇಳಿದರು. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು ಎಂದು ನಮ್ಮ ಭಾಷೆ ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಿದೆ. ಈ ಭೇದ ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾದದ್ದೆಂಬುದು ಮುಂದೆ ಗೊತ್ತಾಗುವುದು.

ಇತಿಹಾಸದ ವಿದ್ಯಾರ್ಥಿಗೂ ಕಿಲುಬು ಹೊಸತಲ್ಲ. ತಾಮ್ರಶಾಸನಗಳಲ್ಲಿ ಎರಡು ಬಗೆಯ ಹಸಿರು ಕಾಣುವುದುಂಟು. ಒಂದು, ಗಟ್ಟಿಯಾಗಿ ನುಣುಪಾಗಿ ಲೋಹಕ್ಕೆ ಅಂಟಿಕೊಂಡಿರುವ ಗಾಢವಾದ ಹಸಿರು. ಇದು ಬಹುಪಾಲು ತಾಮ್ರದ ಕಾರ್ಬೊನೇಟು. ಒಂದು ರೀತಿಯಲ್ಲಿ ತಗಡಿಗೆ ಹೊದಿಕೆಯಾಗಿ ಅದನ್ನು ಕಾಪಾಡುತ್ತದೆ. ಮತ್ತೊಂದು, ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಎದ್ದು, ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ. ಇದು ಕೆಟ್ಟದ್ದು. ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡು ಲೋಹದ ಒಳಪದರಕ್ಕೆ ಇಳಿದು ತಾಮ್ರದೊಡನೆ ಕೂಡಿ ಅಡಗಿರುತ್ತದೆ. ತೇವವೂ ಗಾಳಿಯೂ ಸೋಕಿದೊಡನೆ ಅದು ಹಸಿರು ಪುಡಿಯಾಗಿ ಒಡೆದು, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಮತ್ತೆ ಹೊಸ ತಾಮ್ರವನ್ನು ತಿನ್ನುತ್ತದೆ. ಹೀಗೆ ಒಮ್ಮೆ ಒಳಸೇರಿದ ಅಲ್ಪ ಉಪ್ಪು ಖರ್ಚಾಗದೆ ಪುನಃ ಪುನಃ ಕೆಲಸ ಮಾಡುತ್ತಲೇ ಇರುತ್ತದೆ. ವಸ್ತುಸಂಗ್ರಹಾಲಯದವರು ಇದನ್ನು ಕಂಚಿನ ರೋಗವೆಂದು ಕರೆಯುತ್ತಾರೆ. ಮೇಲುಮೇಲೆ ಹುಣಸೆಹುಳಿ ಹಚ್ಚಿ ಉಜ್ಜಿದರೆ ತಗಡು ಕೆಲವು ದಿನ ಥಳಥಳಿಸಬಹುದು, ಅಕ್ಷರಗಳೂ ಸವೆಯಬಹುದು. ರೋಗ ಮಾತ್ರ ಹೋಗುವುದಿಲ್ಲ.

ಈಗ ದೋಣಿಯ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳನ್ನು ಬಸರೂರಿಗೆ ಕರೆದೊಯ್ದಿದ್ದೆವು. ೧೬೬೫ರಲ್ಲಿ ಶಿವಾಜಿಯು ಕಡಲದಾರಿಯಿಂದ ಬಂದು ಸೂರೆ ಮಾಡಿದ ಆ ಹಳೆಯ ರೇವುಪಟ್ಟಣವನ್ನು ನೋಡಿದ ಮೇಲೆ, ಸಮುದ್ರವನ್ನೇ ಕಾಣದಿದ್ದ ಹುಡುಗರ ಒತ್ತಾಯಕ್ಕೆ ಗಂಗೊಳ್ಳಿಯ ಬಂದರಿಗೆ ಹೋದೆವು. ಅಲ್ಲಿ ದಕ್ಕೆಯ ಮೇಲೆ ಒಬ್ಬ ಹಿರಿಯ ಮೀನುಗಾರರು ತಮ್ಮ ನಾಡದೋಣಿಯಿಂದ ಒಂದು ಚಿಕ್ಕ ಪೆಟ್ಟಿಗೆಯನ್ನು ಬಿಚ್ಚಿ ತಂದು ಕೈಯಲ್ಲಿ ಹಿಡಿದು ಕುಳಿತಿದ್ದರು. ಮೀನಿನ ಗುಂಪನ್ನೂ ನೀರಿನ ಆಳವನ್ನೂ ತೋರಿಸುವ ಯಂತ್ರ. ಅಲ್ಲಿಯವರು ಫಿಶ್ ಫೈಂಡರ್ ಎಂದೇ ಹೇಳುತ್ತಾರೆ. “ಪೆಟ್ಗಿ ಹಾಳಾಯ್ತ್ ಮಾಷ್ಟ್ರೆ” ಎಂದರು. ಸಂಜೆ ಹೊರಡುವಾಗ ಚೆನ್ನಾಗಿಯೇ ಇರುತ್ತದೆ, ಬೆಳಗಿನ ಜಾವ ಅಳಿವೆಗೆ ಹಿಂದಿರುಗುವ ಹೊತ್ತಿಗೆ ಸರಿಯಾಗಿ ಆರಿಹೋಗುತ್ತದೆ ಎಂಬುದು ಅವರ ದೂರು. ಹೊಸತಕ್ಕೆ ಹಲವು ಸಾವಿರ ರೂಪಾಯಿ ಹೊಂದಿಸುವ ಯೋಚನೆಯಲ್ಲಿದ್ದರು. ಪಕ್ಕದಲ್ಲಿದ್ದ ಮೆಕ್ಯಾನಿಕ್ ತರುಣನೊಬ್ಬನು ಪೆಟ್ಟಿಗೆಯನ್ನು ಮುಟ್ಟದೆ ದೋಣಿಯಲ್ಲಿಯೇ ಉಳಿದಿದ್ದ ತಂತಿಯ ತುದಿಯನ್ನು ಎಳೆದು, ಅದರ ಸುತ್ತ ದಪ್ಪವಾಗಿ ಸುತ್ತಿದ್ದ ಟೇಪನ್ನು ಕುಯ್ದು ತೋರಿಸಿದನು. ಒಳಗೆ ನಮ್ಮ ಕೊಳವೆಬಾವಿಯ ಅದೇ ಹಸಿರು ಪುಡಿ! ಲೇಖಕನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಆ ಕ್ಷಣದಲ್ಲಿ. ಕೆಳಗೆ ಬರೆದುದರಲ್ಲಿ ಬಹುಭಾಗ ಆ ತರುಣನಿಂದಲೂ ತರುವಾಯ ಬಲ್ಲವರಿಂದಲೂ ಕಲಿತದ್ದು.

ಅಳಿವೆಯ ಮಾತನ್ನು ಒಳನಾಡಿನ ವಾಚಕರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಗಂಗೊಳ್ಳಿಯಲ್ಲಿ ಐದು ಹೊಳೆಗಳ ನೀರು ಒಂದಾಗಿ, ಪಂಚಗಂಗಾವಳಿಯೆನಿಸಿ, ಕಡಲನ್ನು ಸೇರುತ್ತದೆ. ಇಂಥ ಅಳಿವೆಗಳ ಬಾಯಲ್ಲಿ ಹೊಳೆ ತಂದ ಮರಳೂ ಕಡಲು ತಳ್ಳಿದ ಮರಳೂ ಕೂಡಿ ದಿಬ್ಬವಾಗುತ್ತದೆ. ಈ ದಿಬ್ಬ ಮಳೆಗಾಲದಿಂದ ಮಳೆಗಾಲಕ್ಕೆ ಎಡೆ ಬದಲಿಸುತ್ತದೆ. ಅದರ ಮೇಲೆ ಅಲೆ ಒಡೆಯುವಾಗ ದೋಣಿಯ ತಳ ನೆಲ ಮುಟ್ಟಿದರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಆದ್ದರಿಂದ ಕತ್ತಲಲ್ಲಿ ಮರಳುವವನಿಗೆ ಆ ಪೆಟ್ಟಿಗೆ ತೋರಿಸುವ ಆಳದ ಅಂಕಿ ಮೀನಿನ ಚಿತ್ರಕ್ಕಿಂತಲೂ ಬೆಲೆಯುಳ್ಳದ್ದು. ದೊಡ್ಡ ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ತಿಂಗಳುಗಳಲ್ಲಿ ಮೀನುಗಾರಿಕೆಯ ನಿಷೇಧವಿದೆ. ಸಣ್ಣ ಎಂಜಿನ್ನಿನ ನಾಡದೋಣಿಗಳು ಆ ಕಾಲದಲ್ಲಿಯೂ ಇಳಿಯುತ್ತವೆ. ಎಂದರೆ, ಅಳಿವೆ ಅತ್ಯಂತ ಅಪಾಯಕರವಾಗಿರುವ ಕಾಲದಲ್ಲಿ, ಮಳೆಯೂ ಉಪ್ಪುನೀರಿನ ಸಿಡಿತವೂ ತಂತಿಗಳನ್ನು ಹಗಲಿರುಳು ತೋಯಿಸುತ್ತಿರುವಾಗ, ಮೇಲ್ಛಾವಣಿಯಿಲ್ಲದ ದೋಣಿಯಲ್ಲಿ ಈ ಯಂತ್ರ ಕೆಲಸ ಮಾಡಬೇಕು.

ಯಂತ್ರದ ತತ್ತ್ವ ಸರಳವಾದದ್ದು. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದೆಂದು ಫ್ರಾನ್ಸಿನ ಕ್ಯೂರಿ ಸೋದರರು ೧೮೮೦ರಲ್ಲಿ ತೋರಿಸಿದರು. ವಿದ್ಯುತ್ತನ್ನು ಹಾಯಿಸಿದರೆ ಅದೇ ಹರಳು ಅದಿರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ಲಾಂಜೆವೆನ್ ಎಂಬ ಭೌತವಿಜ್ಞಾನಿಯು ಇದನ್ನು ನೀರಿನೊಳಗೆ ಧ್ವನಿ ಕಳುಹಿಸಲು ಬಳಸಿದನು. ಜಪಾನಿನ ಫುರುನೊ ಸಂಸ್ಥೆಯವರು ೧೯೪೮ರಲ್ಲಿ ಮೀನುಗಾರರಿಗೆ ಒದಗುವ ಯಂತ್ರವನ್ನು ಮಾರುಕಟ್ಟೆಗೆ ತಂದರು. ದೋಣಿಯ ತಳದಲ್ಲಿಯೋ ಹಿಂಬದಿಯಲ್ಲಿಯೋ ನೀರಿಗೆ ತಾಗಿರುವ ಟ್ರಾನ್ಸ್‌ಡ್ಯೂಸರ್ ಧ್ವನಿಯ ಮಿಡಿತವನ್ನು ಕೆಳಕ್ಕೆ ಕಳುಹಿಸಿ, ತಳದಿಂದಲೂ ಮೀನುಗಳಿಂದಲೂ ಮರಳುವ ಪ್ರತಿಧ್ವನಿಯನ್ನು ಕೇಳುತ್ತದೆ. ಕಡಲನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೧೫೦೦ ಮೀಟರು; ಹದಿನೈದು ಮೀಟರು ಆಳವಿದ್ದರೆ ಹೋಗಿಬರಲು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಸಾಕು. ಮರಳಿ ಬರುವ ಸಂಜ್ಞೆ ಬಲು ಕ್ಷೀಣವಾದದ್ದು. ಈ ಸಂಜ್ಞೆ ಒಂದು ತಂತಿಯಲ್ಲಿ ಪೆಟ್ಟಿಗೆಗೆ ಬರುತ್ತದೆ. ೧೨ ವೋಲ್ಟಿನ ಬ್ಯಾಟರಿಯ ವಿದ್ಯುತ್ತು ಇನ್ನೊಂದು ತಂತಿಯಲ್ಲಿ ಬರುತ್ತದೆ. ಕೆಲವು ಯಂತ್ರಗಳಲ್ಲಿ ಇವೆರಡೂ ಪೆಟ್ಟಿಗೆಯ ಹಿಂಬದಿಯಲ್ಲಿ ಒಂದೇ ಪ್ಲಗ್ಗಿನಲ್ಲಿ ಕೂಡುತ್ತವೆ. ಪೆಟ್ಟಿಗೆಯನ್ನೂ ಟ್ರಾನ್ಸ್‌ಡ್ಯೂಸರನ್ನೂ ತಯಾರಕರು ನೀರು ಹೊಗದಂತೆ ಮುಚ್ಚಿರುತ್ತಾರೆ. ತೆರೆದಿರುವುದು ಪ್ಲಗ್ಗಿನ ಸೂಜಿಗಳು, ಬ್ಯಾಟರಿಯ ಹಿಡಿಗಳು, ಫ್ಯೂಸಿನ ಗೂಡು, ಮತ್ತು ದೋಣಿಯವರು ತಾವೇ ಹೆಣೆದ ಸಂದುಗಳು. ಕೆಡುಕು ಇವೇ ಬಾಗಿಲುಗಳಿಂದ ಬರುತ್ತದೆ.

ಹಾಗೆ ಬಂದ ಕಿಲುಬು ಮಾಡುವುದೇನು? ಅದು ತಂತಿಯನ್ನು ಒಮ್ಮೆಗೇ ಕಡಿಯುವುದಿಲ್ಲ; ಪ್ರವಾಹದ ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಒಂದೂವರೆ ಓಮಿನಷ್ಟು ಪ್ರತಿರೋಧ ಸಂದಿನಲ್ಲಿ ಸೇರಿತೆನ್ನೋಣ. ಯಂತ್ರ ಒಂದು ಆಂಪೇರು ಎಳೆದರೆ ಒಂದೂವರೆ ವೋಲ್ಟು ಅಲ್ಲಿಯೇ ನಷ್ಟವಾಯಿತು. ಬ್ಯಾಟರಿಯನ್ನು ದಡದಲ್ಲಿ ತುಂಬಿ ತಂದ ಸಂಜೆ ಅದರಲ್ಲಿ ೧೨.೬ ವೋಲ್ಟು ಇರುವುದರಿಂದ ಯಂತ್ರಕ್ಕೆ ಹನ್ನೊಂದು ವೋಲ್ಟಾದರೂ ದೊರೆಯುತ್ತದೆ. ರಾತ್ರಿಯೆಲ್ಲ ದೀಪವೂ ಉರಿದು ಬೆಳಗಿನ ಜಾವಕ್ಕೆ ಬ್ಯಾಟರಿಯೇ ಹನ್ನೆರಡಕ್ಕೆ ಇಳಿದಾಗ ಯಂತ್ರಕ್ಕೆ ಉಳಿಯುವುದು ಹತ್ತೂವರೆ. ಬಹಳಷ್ಟು ಯಂತ್ರಗಳು ಸುಮಾರು ಇಷ್ಟರಲ್ಲಿ ತಾವಾಗಿಯೇ ಆರಿಹೋಗುತ್ತವೆ. ಗಂಗೊಳ್ಳಿಯ ಹಿರಿಯರ ಪೆಟ್ಟಿಗೆ ಅಳಿವೆಯ ಹೊತ್ತಿಗೇ ಕಣ್ಣುಮುಚ್ಚುತ್ತಿದ್ದುದರ ಗುಟ್ಟು ಇದು. ಪೆಟ್ಟಿಗೆಯ ದೋಷ ಅದರಲ್ಲಿ ಏನೂ ಇರಲಿಲ್ಲ.

ಕಡಲಿನಲ್ಲಿ ಈ ಕೇಡು ನಮ್ಮ ಬಾವಿಗಿಂತ ಬೇಗ ಬೆಳೆಯುವುದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಉಪ್ಪಿನ ಕ್ಲೋರೈಡು ಮೊದಲನೆಯದು. ಅದರ ವರ್ತನೆಯನ್ನು ತಾಮ್ರಶಾಸನದ ಪ್ರಸಂಗದಲ್ಲಿ ಕಂಡಿದ್ದೇವೆ. ಒಣಗಿದ ಮೇಲೂ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಮತ್ತೆ ಒದ್ದೆಯಾಗುವುದರಿಂದ, ದಡದಲ್ಲಿ ಮಗುಚಿ ಹಾಕಿದ ದೋಣಿಯಲ್ಲಿಯೂ ಕಿಲುಬು ಕೆಲಸ ನಿಲ್ಲಿಸುವುದಿಲ್ಲ. ಎರಡನೆಯದು, ಬ್ಯಾಟರಿಯ ಪ್ರವಾಹ ಒಂದೇ ದಿಕ್ಕಿನದು. ಪ್ಲಗ್ಗಿನೊಳಗೆ ಒಂದು ಹನಿ ಉಪ್ಪುನೀರು ನಿಂತರೆ ಸೂಜಿಗಳ ನಡುವೆ ಪ್ರವಾಹ ಸೋರುತ್ತದೆ. ಧನಧ್ರುವದ ಸೂಜಿಯ ಲೋಹ ಕರಗಿ ನೀರಿಗೆ ಸೇರುತ್ತದೆ. ಪ್ಲೇಟಿಂಗ್ ಅಂಗಡಿಯಲ್ಲಿ ನಡೆಯುವ ಕ್ರಿಯೆಯೇ ಇಲ್ಲಿಯೂ ನಡೆಯುತ್ತದೆ. ಹಾಳಾದ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಧನ ಸೂಜಿ ಮೊಂಡಾಗಿದ್ದು ಋಣ ಸೂಜಿ ಹೆಚ್ಚುಕಡಮೆ ನೆಟ್ಟಗಿರುವುದನ್ನು ಕಾಣಬಹುದು. ಯಂತ್ರದ ಗುಂಡಿಯನ್ನು ಆರಿಸಿದ ಮಾತ್ರಕ್ಕೆ ಇದು ನಿಲ್ಲದು. ಬ್ಯಾಟರಿಯ ಸಂಪರ್ಕ ಇರುವವರೆಗೂ ಪ್ಲಗ್ಗಿನವರೆಗೆ ವಿದ್ಯುತ್ತು ಬಂದು ಕಾದಿರುತ್ತದೆ. ಬಾವಿಯ ಮೋಟಾರಿನ ಪ್ರವಾಹ ಕ್ಷಣಕ್ಷಣವೂ ದಿಕ್ಕು ಬದಲಿಸುವಂಥದು. ಅಲ್ಲಿ ಈ ಕರಗುವಿಕೆ ಇಷ್ಟು ತೀವ್ರವಲ್ಲ.

ಮೂರನೆಯ ಕಾರಣ, ಬೇರೆ ಬೇರೆ ಲೋಹಗಳ ಸಹವಾಸ. ಇದಕ್ಕೆ ಇತಿಹಾಸದಲ್ಲಿ ಸೊಗಸಾದ ನಿದರ್ಶನವಿದೆ. ಹಡಗಿನ ಮರದ ತಳವನ್ನು ಹುಳು ಕೊರೆಯದಂತೆ ಬ್ರಿಟಿಷ್ ನೌಕಾಬಲದವರು ೧೭೬೧ರಲ್ಲಿ ಅಲಾರಂ ಎಂಬ ಹಡಗಿಗೆ ತಾಮ್ರದ ತಗಡನ್ನು ಹೊದಿಸಿದರು. ೧೭೬೩ರಲ್ಲಿ ಪರೀಕ್ಷಿಸಿದಾಗ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಜೀರ್ಣವಾಗಿ ಹೋಗಿದ್ದುವು. ಆದರೆ ಕೆಲವು ಮೊಳೆಗಳು ಮಾತ್ರ ಹೊಸದರಂತಿದ್ದುವು! ತಗಡು ಸುತ್ತಿ ಬಂದಿದ್ದ ಕಂದು ಕಾಗದವನ್ನು ಕೆಲಸಗಾರರು ತೆಗೆಯದೆ ಬಿಟ್ಟಿದ್ದುದರಿಂದ ಅಲ್ಲಿ ಎರಡು ಲೋಹಗಳೂ ಒಂದನ್ನೊಂದು ಮುಟ್ಟಿರಲಿಲ್ಲ. ಕೆಲಸಗಾರರ ಸೋಮಾರಿತನದಿಂದ ವಿಜ್ಞಾನಕ್ಕೆ ಆದ ಉಪಕಾರಗಳಲ್ಲಿ ಇದೂ ಒಂದು. ೧೮೨೪ರಲ್ಲಿ ಹಂಫ್ರಿ ಡೇವಿಯು ಈ ಗುಟ್ಟನ್ನೇ ತಿರುಗಿಸಿ ಉಪಯೋಗಿಸಿದನು. ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡನ್ನು ತಾಗಿಸಿಟ್ಟರೆ ಆ ತುಂಡು ಸವೆದು ತಾಮ್ರ ಉಳಿಯುತ್ತದೆಂದು ತೋರಿಸಿದನು. ತಾಮ್ರವೇನೋ ಉಳಿಯಿತು, ಆದರೆ ಕರಗುವ ತಾಮ್ರದ ವಿಷವಿಲ್ಲದ್ದರಿಂದ ಹಡಗಿನ ತಳಕ್ಕೆ ಚಿಪ್ಪುಹುಳುಗಳೂ ಪಾಚಿಯೂ ಮೆತ್ತಿಕೊಂಡು ವೇಗ ಕುಗ್ಗಿತು. ಇಂದಿಗೂ ಔಟ್‌ಬೋರ್ಡ್ ಎಂಜಿನ್ನಿನ ನೀರಿನಲ್ಲಿ ಮುಳುಗುವ ಭಾಗಕ್ಕೆ ಇಂಥ ಬಲಿಲೋಹದ ತುಂಡೊಂದನ್ನು ಬಿಗಿದಿರುತ್ತಾರೆ. ಅದು ಎಂಜಿನ್ನನ್ನು ಕಾಯುತ್ತದೆಯೇ ಹೊರತು ಪ್ಲಗ್ಗನ್ನು ಕಾಯಲಾರದು. ತಾಮ್ರದ ತಂತಿಯನ್ನು ಸಾಧಾರಣ ಕಬ್ಬಿಣದ ತಿರುಪಿನಿಂದ ಬಿಗಿದಲ್ಲಿ, ಅಲ್ಯೂಮಿನಿಯಮ್ಮಿಗೆ ಹೆಣೆದಲ್ಲಿ, ಅಲಾರಂ ಹಡಗಿನ ಕಥೆ ಸಣ್ಣ ಪ್ರಮಾಣದಲ್ಲಿ ಮರುಕಳಿಸುತ್ತದೆ.

ದುರಸ್ತಿಗೆ ಕೈಹಾಕುವ ಮೊದಲು ದೋಷ ಎಲ್ಲಿದೆಯೆಂದು ತಿಳಿಯಬೇಕು. ಇದಕ್ಕೆ ಸಾಧಾರಣ ಮಲ್ಟಿಮೀಟರು ಸಾಕು; ಆದರೆ ಬಹು ಜನ ಅದರಿಂದ ಮೋಸಹೋಗುತ್ತಾರೆ. ಪ್ಲಗ್ಗನ್ನು ಯಂತ್ರದಿಂದ ಬಿಚ್ಚಿ ಅದರ ಸೂಜಿಗಳಿಗೆ ಮೀಟರು ಹಿಡಿದರೆ ಹನ್ನೆರಡೂವರೆ ವೋಲ್ಟು ತೋರುತ್ತದೆ. ತಂತಿ ಸರಿಯಾಗಿದೆಯೆಂದು ತೀರ್ಮಾನಿಸಿ ಪೆಟ್ಟಿಗೆಯನ್ನು ಎಸೆಯುತ್ತಾರೆ. ಮೀಟರು ಎಳೆಯುವ ಪ್ರವಾಹ ಅತ್ಯಲ್ಪವಾದದ್ದರಿಂದ ಕಿಲುಬಿನ ಇಕ್ಕಟ್ಟು ಅದಕ್ಕೆ ಅಡ್ಡಿಯಾಗುವುದೇ ಇಲ್ಲ. ಯಂತ್ರ ಉರಿಯುತ್ತಿರುವಾಗಲೇ ಅಳೆಯಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ಹಿಡಿಗೂ ಇನ್ನೊಂದನ್ನು ಅದೇ ತಂತಿಯ ಯಂತ್ರದ ಕಡೆಯ ತುದಿಗೂ ಹಿಡಿದರೆ, ದಾರಿಯಲ್ಲಿ ನಷ್ಟವಾಗುವ ವೋಲ್ಟು ನೇರವಾಗಿ ಕಾಣುತ್ತದೆ. ಋಣ ತಂತಿಗೂ ಹಾಗೆಯೇ. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಸಂಶಯಕ್ಕೆ ಕಾರಣವಿದೆ. ಅನಂತರ ಕಡ್ಡಿಯನ್ನು ಸಂದಿನಿಂದ ಸಂದಿಗೆ ಸರಿಸುತ್ತ ಬಂದರೆ ಕಳ್ಳನಿರುವ ಮನೆ ಸಿಕ್ಕುತ್ತದೆ. ಎಳೆದಾಗ ಅಲುಗಿಸಿದಾಗ ತೆರೆ ಮಿಣುಕಿದರೆ ಆ ಎಡೆಯನ್ನು ಮೊದಲು ಬಿಚ್ಚಿ ನೋಡುವುದು ಲೇಸು.

ದೋಷದ ಎಡೆ ಸಿಕ್ಕಮೇಲೆ ಬ್ಯಾಟರಿಯಿಂದ ತಂತಿಯನ್ನು ತೆಗೆದು ಕೆಲಸ ತೊಡಗಬೇಕು. ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪನ್ನು ಒತ್ತಿ ಹೇಳುವುದು ಅವಶ್ಯ. ಹಸಿರು ಕಂಡ ತುದಿಯನ್ನು ಚಾಕುವಿನಿಂದ ಕೆರೆದು, ಮತ್ತೆ ಹೆಣೆದು, ಮೇಲೆ ಇನ್ನಷ್ಟು ಟೇಪು ಸುತ್ತುತ್ತಾರೆ. ತಂತಿಯೆಂಬುದು ಹಲವು ಸಣ್ಣ ಎಳೆಗಳ ಹುರಿ. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ ಅದು ನೀರನ್ನು ಎಳೆಗಳ ನಡುವೆ ಒಳಕ್ಕೆ ಹೀರಿಕೊಂಡಿರುತ್ತದೆ. ಹೊರಗೆ ಹೊದಿಕೆ ಹೊಸದರಂತೆ ಕಂಡರೂ ಒಳಗೆ ಗೇಣುದ್ದ, ಕೆಲವೊಮ್ಮೆ ಮೊಳದುದ್ದ, ತಾಮ್ರ ಕಪ್ಪಾಗಿರುತ್ತದೆ. ಕೆರೆದು ಸುತ್ತಿದ ಟೇಪು ಆ ಉಪ್ಪನ್ನು ಹೊರಗಿಡುವುದಿಲ್ಲ, ಒಳಗೆ ಕೂಡಿಹಾಕುತ್ತದೆ. ಹುಣಸೆಹುಳಿಯಿಂದ ಶಾಸನವನ್ನು ತಿಕ್ಕುವವರ ಕೆಲಸವೂ ಇದೂ ಒಂದೇ. ಹೊಳೆಯುವ ಕೆಂಪು ತಾಮ್ರ ಕಾಣುವವರೆಗೆ ತಂತಿಯನ್ನು ತುಂಡು ತುಂಡಾಗಿ ಕತ್ತರಿಸುತ್ತ ಹೋಗಬೇಕು. ಕಪ್ಪು ಮುಗಿಯದಿದ್ದರೆ ವಿದ್ಯುತ್ತಿನ ಆ ತಂತಿಯನ್ನು ಇಡಿಯಾಗಿ ಬದಲಿಸುವುದೇ ಅಗ್ಗ. ಶಾಸನವನ್ನು ಕತ್ತರಿಸಲಾಗದು, ತಂತಿಯನ್ನು ಕತ್ತರಿಸಬಹುದು. ಈ ಅನುಕೂಲವನ್ನು ದೋಣಿಯವರು ಬಿಟ್ಟುಕೊಡಬಾರದು.

ಹೊಸ ತಂತಿ ಕೊಳ್ಳುವಾಗ ಬರಿಯ ತಾಮ್ರದ ತಂತಿಗಿಂತ ತವರದ ಲೇಪವುಳ್ಳದ್ದು ಮೇಲು; ಎಳೆಗಳು ಬೆಳ್ಳಗೆ ಬೆಳ್ಳಿಯಂತಿರುತ್ತವೆ. ಇದು ನಮ್ಮ ಹಿತ್ತಾಳೆ ಪಾತ್ರೆಯ ಕಲಾಯಿಯೇ. ಹುಳಿ ತಾಗಿ ಕಿಲುಬು ಹಿಡಿಯದಂತೆ ಕಲಾಯಿಗಾರನು ಕಾದ ಪಾತ್ರೆಗೆ ನವಸಾಗರ ತೂರಿ ತವರ ಬಳಿಯುತ್ತಿದ್ದುದನ್ನು ನೋಡಿದವರು ಇನ್ನೂ ಇದ್ದಾರೆ. ಆದರೆ ತಂತಿಯ ಬೆಸುಗೆಗೆ ನವಸಾಗರವನ್ನಾಗಲಿ, ಅಂಗಡಿಯ ಆಮ್ಲದ ಪೇಸ್ಟನ್ನಾಗಲಿ ಎಂದಿಗೂ ಬಳಸಕೂಡದು. ನವಸಾಗರವೂ ಒಂದು ಕ್ಲೋರೈಡು. ಪಾತ್ರೆಯನ್ನು ಆಮೇಲೆ ತೊಳೆಯುತ್ತೇವೆ, ಎಳೆಗಳ ನಡುವೆ ಸೇರಿದ್ದನ್ನು ತೊಳೆಯಲಾಗುವುದಿಲ್ಲ. ಬೆಸೆಯುವುದಾದರೆ ರಾಳ ತುಂಬಿದ ಬೆಸುಗೆತಂತಿಯಿಂದಲೇ ಬೆಸೆಯಬೇಕು. ಬೆಸುಗೆಗೂ ಒಂದು ದೋಷವುಂಟು: ಅದು ಎಳೆಗಳನ್ನು ಕಡ್ಡಿಯಂತೆ ಬಿರುಸು ಮಾಡುವುದರಿಂದ, ಎಂಜಿನ್ನಿನ ಅದಿರಿಗೆ ಸಿಕ್ಕಿದ ತಂತಿ ಬೆಸುಗೆ ಮುಗಿಯುವ ಅಂಚಿನಲ್ಲಿ ಮುರಿಯುತ್ತದೆ. ಆದ್ದರಿಂದ ತವರ ಲೇಪಿಸಿದ ತಾಮ್ರದ ಕೊಳವೆಯೊಳಗೆ ಎರಡು ತುದಿಗಳನ್ನೂ ಇಟ್ಟು ಸರಿಯಾದ ಇಕ್ಕಳದಿಂದ ಅದುಮುವ ಕ್ರಿಂಪು ಸಂದನ್ನೇ ದೋಣಿಯ ಕೆಲಸದವರು ಮೆಚ್ಚುತ್ತಾರೆ. ಅದರ ಮೇಲೆ ಒಳಗೆ ಅಂಟು ಇರುವ, ಕಾಯಿಸಿದರೆ ಕುಗ್ಗುವ ಕೊಳವೆಯನ್ನು ಎಳೆದು ಕಾಯಿಸಿದಾಗ, ಅಂಟು ಕರಗಿ ಎರಡು ತುದಿಗಳಲ್ಲೂ ಸ್ವಲ್ಪ ಉಕ್ಕಬೇಕು. ಉಕ್ಕದಿದ್ದರೆ ಮುಚ್ಚಿಕೊಂಡಿಲ್ಲವೆಂದು ಅರ್ಥ. ಈ ಕೊಳವೆಯನ್ನು ಸಂದು ಹೆಣೆಯುವ ಮೊದಲೇ ತಂತಿಗೆ ತೂರಿಸಿಟ್ಟಿರಬೇಕು. ಇದನ್ನು ಮರೆತು ಎಲ್ಲ ಕೆಲಸವನ್ನೂ ಮತ್ತೆ ಬಿಚ್ಚಿದವರ ಪೈಕಿ ಈ ಲೇಖಕನೂ ಒಬ್ಬ. ಕುಗ್ಗುವ ಕೊಳವೆ ದೊರೆಯದಲ್ಲಿ, ಎಳೆದು ಸುತ್ತಿದರೆ ತನ್ನಷ್ಟಕ್ಕೆ ತಾನೇ ಒಂದಾಗುವ ರಬ್ಬರ್ ಟೇಪನ್ನು ಮೊದಲು ಸುತ್ತಿ, ಅದರ ರಕ್ಷಣೆಗಾಗಿ ಸಾಧಾರಣ ಟೇಪನ್ನು ಮೇಲೆ ಸುತ್ತಬಹುದು. ಸಾಧಾರಣ ಟೇಪು ಒಂದೇ ಇದ್ದರೆ ನೀರನ್ನು ತಡೆಯದು; ಬಿಸಿಲಿಗೆ ಅದರ ಅಂಟು ಜಾರುತ್ತದೆ.

ಪ್ಲಗ್ಗಿನ ಸೂಜಿಗಳನ್ನು ಕತ್ತರಿಸುವಂತಿಲ್ಲವಾದ್ದರಿಂದ ಶುದ್ಧಮಾಡಬೇಕು. ಕಿಲುಬು ತೆಳುವಾಗಿದ್ದರೆ ವಿದ್ಯುತ್ ಸಂಪರ್ಕಗಳನ್ನು ತೊಳೆಯುವ ಸ್ಪ್ರೇಯನ್ನೋ ಐಸೊಪ್ರೊಪೈಲ್ ಆಲ್ಕೊಹಾಲನ್ನೋ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಗಟ್ಟಿಯಾಗಿದ್ದರೆ ನಿಂಬೆರಸವನ್ನೋ ವಿನೆಗರನ್ನೋ ಹತ್ತಿಯ ಕಡ್ಡಿಯಿಂದ ಹಚ್ಚಬಹುದು. ಆದರೆ ಕೂಡಲೇ ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಆಲ್ಕೊಹಾಲಿನಿಂದ ತೇವವನ್ನು ಓಡಿಸಿ, ಪೂರ್ತಿ ಒಣಗಿಸಬೇಕು. ಹುಳಿ ಅಲ್ಲಿಯೇ ಉಳಿದರೆ ಕಳ್ಳನನ್ನು ಓಡಿಸಿ ದರೋಡೆಕಾರನನ್ನು ಕೂರಿಸಿದಂತೆ. ಉಪ್ಪುಕಾಗದ ಬೇಡ, ಸೂಜಿಗಳ ಮೇಲಿರುವ ಚಿನ್ನದ ಅಥವಾ ನಿಕ್ಕಲಿನ ತೆಳುವಾದ ಲೇಪ ಹೋದರೆ ಕೆಳಗಿನ ಹಿತ್ತಾಳೆ ಬಯಲಾಗುತ್ತದೆ. ಉಕ್ಕಿನ ನಾರಿನಿಂದ ಉಜ್ಜುವುದು ಇನ್ನೂ ಕೆಟ್ಟದ್ದು, ಮುರಿದ ನಾರಿನ ಚೂರುಗಳು ಒಳಗೆ ಉಳಿದು ತುಕ್ಕು ಹಿಡಿಯುತ್ತವೆ. ಒಣಗಿದ ಸೂಜಿಗಳಿಗೂ ಪ್ಲಗ್ಗಿನ ರಬ್ಬರ್ ಉಂಗುರಕ್ಕೂ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಈ ಗ್ರೀಸು ವಿದ್ಯುತ್ತನ್ನು ಹಾಯಿಸುವುದಿಲ್ಲವೆಂದು ಹೆದರಬೇಕಾಗಿಲ್ಲ. ಸೂಜಿಯನ್ನು ಒತ್ತಿ ತೂರಿಸಿದಾಗ ಲೋಹವು ಲೋಹಕ್ಕೆ ತಾಗುವೆಡೆಯಿಂದ ಅದು ಸರಿದು, ಸುತ್ತಲಿನ ಸಂದುಗಳಲ್ಲಿ ನಿಂತು ನೀರಿಗೆ ಎಡೆಗೊಡುವುದಿಲ್ಲ. ಬ್ಯಾಟರಿಯ ಹಿಡಿಗಳಲ್ಲಿ ಕಾಣುವ ಬಿಳಿ ನೀಲಿ ಹುಡಿ ಮಾತ್ರ ಬೇರೆ ಜಾತಿಯದು. ಅದು ಬ್ಯಾಟರಿಯ ಗಂಧಕಾಮ್ಲದಿಂದಾದದ್ದು. ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು, ಒಣಗಿಸಿ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರಾಯಿತು. ಈ ಜೆಲ್ಲಿಯನ್ನು ಪ್ಲಗ್ಗಿನ ರಬ್ಬರಿಗೆ ಹಚ್ಚಬಾರದು. ಕೆಲವು ಬಗೆಯ ರಬ್ಬರು ಅದರಿಂದ ಉಬ್ಬುತ್ತದೆ.

ಟ್ರಾನ್ಸ್‌ಡ್ಯೂಸರಿನ ತಂತಿಗೆ ಮೇಲಿನ ಕತ್ತರಿಸುವ ನಿಯಮ ಹೊಂದುವುದಿಲ್ಲ. ಅದರಲ್ಲಿ ಸಂಜ್ಞೆಯ ಎಳೆಗಳ ಸುತ್ತ ಲೋಹದ ಹೆಣಿಗೆಯ ಕವಚವಿರುತ್ತದೆ; ಎಂಜಿನ್ನಿನ ಕಿಡಿಯಿಂದ ಹುಟ್ಟುವ ವಿದ್ಯುತ್ ಗದ್ದಲ ಕ್ಷೀಣವಾದ ಪ್ರತಿಧ್ವನಿಯೊಡನೆ ಬೆರೆಯದಂತೆ ಅದು ತಡೆಯುತ್ತದೆ. ಆ ಹೆಣಿಗೆಗೆ ಕಿಲುಬು ಹಿಡಿದರೆ ಪೆಟ್ಟಿಗೆ ಆರುವುದಿಲ್ಲ. ತೆರೆಯ ತುಂಬ ಚುಕ್ಕೆಗಳು ಸುರಿಯುತ್ತವೆ, ಇಲ್ಲದ ಮೀನುಗಳು ಕಾಣುತ್ತವೆ, ಆಳದ ಅಂಕಿ ನೆಗೆದಾಡುತ್ತದೆ. ಆರಿದ ಪೆಟ್ಟಿಗೆಗಿಂತ ಸುಳ್ಳು ಹೇಳುವ ಪೆಟ್ಟಿಗೆಯೇ ಅಳಿವೆಯಲ್ಲಿ ಹೆಚ್ಚು ಅಪಾಯಕರವೆಂದು ಬೇರೆ ಹೇಳಬೇಕಾಗಿಲ್ಲ. ಈ ತಂತಿ ಉದ್ದವಾಯಿತೆಂದು ಕತ್ತರಿಸಕೂಡದು, ಹೆಚ್ಚಾದುದನ್ನು ಸಡಿಲವಾಗಿ ಸುತ್ತಿ ಕಟ್ಟಿಡಬೇಕು. ಅನಿವಾರ್ಯವಾಗಿ ಸಂದು ಹಾಕಬೇಕಾದರೆ ಪ್ರತಿ ಎಳೆಯನ್ನೂ ಅದರದೇ ಬಣ್ಣದ ಎಳೆಗೆ ಸೇರಿಸಿ, ಕವಚವನ್ನು ಕವಚಕ್ಕೆ ಪ್ರತ್ಯೇಕವಾಗಿ ಸೇರಿಸಿ, ನೀರು ಹೊಗದ ಡಬ್ಬಿಯೊಳಗಿಟ್ಟು ದೋಣಿಯ ಎತ್ತರದ ಭಾಗದಲ್ಲಿ ಬಿಗಿಯಬೇಕು. ಇದು ಅನುಭವಿಗಳ ಕೆಲಸ. ಪ್ಲಗ್ಗೇ ಸತ್ತಿದ್ದರೆ ಟ್ರಾನ್ಸ್‌ಡ್ಯೂಸರನ್ನೇ ಬದಲಿಸುವುದು ಎಷ್ಟೋ ಸಲ ವಾಸಿ.

ಮುಂದೆ ಹೀಗಾಗದಂತೆ ನೋಡಿಕೊಳ್ಳುವುದರಲ್ಲಿ ಹಣಕ್ಕಿಂತ ಅಭ್ಯಾಸದ ಪಾಲು ದೊಡ್ಡದು. ಬ್ಯಾಟರಿಯ ಹತ್ತಿರವೇ ಧನ ತಂತಿಯಲ್ಲಿ ಫ್ಯೂಸನ್ನೂ ಒಂದು ಸ್ವಿಚ್ಚನ್ನೂ ಇಟ್ಟು, ದಡ ಸೇರಿದ ಕೂಡಲೇ ಆರಿಸಿದರೆ ಸೂಜಿ ಕರಗುವ ಕ್ರಿಯೆಗೆ ಆಧಾರವೇ ಇಲ್ಲದಂತಾಗುತ್ತದೆ. ಪೆಟ್ಟಿಗೆಯನ್ನು ಮನೆಗೆ ಒಯ್ಯುವವರು ಅದನ್ನ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಒಯ್ಯುತ್ತಾರೆ. ತಂತಿಯ ಪ್ಲಗ್ಗು ಮಾತ್ರ ದೋಣಿಯ ತಳದ ಕೊಳೆನೀರಿನಲ್ಲಿ ಬಾಯಿ ತೆರೆದು ಬಿದ್ದಿರುತ್ತದೆ. ಅದಕ್ಕೆ ಮುಚ್ಚಳ ಹಾಕಿ ಎತ್ತರದಲ್ಲಿ ತೂಗುಹಾಕಬೇಕು. ತಂತಿ ಪ್ಲಗ್ಗನ್ನು ಸೇರುವ ಮೊದಲು ಒಂದು ಗೇಣು ಕೆಳಕ್ಕೆ ಜೋತು ಮತ್ತೆ ಮೇಲೇರುವಂತೆ ಕಟ್ಟಿದರೆ, ತಂತಿಯ ಮೇಲೆ ಹರಿದು ಬಂದ ನೀರು ಆ ಜೋಲಿನಲ್ಲಿಯೇ ತೊಟ್ಟಿಕ್ಕುತ್ತದೆ. ಮನೆಗಳಿಗೆ ಕಂಬದಿಂದ ತಂತಿ ಎಳೆಯುವವರು ಗೋಡೆಯ ಬಳಿ ಇದೇ ಉಪಾಯ ಮಾಡಿರುವುದನ್ನು ಯಾರೂ ನೋಡಬಹುದು. ತಿಂಗಳಿಗೊಮ್ಮೆ ಪ್ಲಗ್ಗನ್ನು ಬಿಚ್ಚಿ ನೋಡಿ ಗ್ರೀಸು ಹಚ್ಚುವುದು ಐದು ನಿಮಿಷದ ಕೆಲಸ. ಸಿಹಿನೀರಿನ ಕೆರೆ ಜಲಾಶಯಗಳಲ್ಲಿ ಇದೇ ಯಂತ್ರವನ್ನು ಬಳಸುವವರು ಕಿಲುಬಿನಿಂದ ಪೂರ್ತಿ ಪಾರಾದರೆಂದಲ್ಲ. ನಮ್ಮ ಕಡೆಯ ಗಡಸುನೀರಿನಲ್ಲಿಯೂ ಲವಣಗಳಿವೆ. ಕೇಡು ನಿಧಾನವಾಗಿ ಬರುತ್ತದೆ, ಅಷ್ಟೆ.

ಗಂಗೊಳ್ಳಿಯಲ್ಲಿ ಅಂದು ಆ ತರುಣನು ಮೊಳದುದ್ದ ತಂತಿಯನ್ನು ಕತ್ತರಿಸಿ ಎಸೆದು, ಹೊಸ ಸಂದು ಹಾಕಿ, ಅರ್ಧ ಗಂಟೆಯಲ್ಲಿ ಯಂತ್ರವನ್ನು ಉರಿಸಿದನು. ದಕ್ಕೆಯ ಕೆಳಗಿನ ಆಳ ಮೂರು ಮೀಟರಿಗೆ ತುಸು ಕಡಮೆಯೆಂದು ತೆರೆ ತೋರಿಸಿತು. ಹಿರಿಯರು ತಮ್ಮ ಗಳುವನ್ನು ಇಳಿಸಿ ತಾಳೆ ನೋಡಿ ಒಪ್ಪಿದರು. ಕತ್ತರಿಸಿ ಬಿಸುಟ ತುಂಡನ್ನು ಕೇಳಿ ತಂದು ನಮ್ಮ ತರಗತಿಯ ಬೀರುವಿನಲ್ಲಿ ಒಂದು ಗಾಜಿನ ಸೀಸೆಯಲ್ಲಿ ಇಟ್ಟಿದ್ದೇನೆ. ತಾಮ್ರಶಾಸನಗಳ ಪಾಠ ಬಂದಾಗ ವಿದ್ಯಾರ್ಥಿಗಳಿಗೆ ತೋರಿಸುವುದುಂಟು. ಮಳೆಗಾಲದಲ್ಲಿ ಸೀಸೆಯ ತಳದಲ್ಲಿ ತಿಳಿಹಸಿರು ಪುಡಿ ಈಗಲೂ ಹೊಸದಾಗಿ ಉದುರಿರುತ್ತದೆ.